ಮಿಲಿಟರಿ ಗಾಡಿ ಕೆಡುವುದೇ ಇಲ್ಲವೇ?

ಬೆಂಗಳೂರಿನ ಬೊಮ್ಮನಹಳ್ಳಿ, ಬೇಗೂರು ರಸ್ತೆ, ಹೊಂಗಸಂದ್ರದ ಒಳದಾರಿಗಳಲ್ಲಿ ಗ್ಯಾರೇಜುಗಳಿಗೆ ಬರವಿಲ್ಲ. ಅಂಥ ಕಡೆ ಸೇನೆ ಹರಾಜು ಹಾಕಿದ ಹಳೆಯ ಜೋಂಗಾ ಜೀಪೋ ನಿಸ್ಸಾನ್ ಒನ್ ಟನ್ ಪಿಕಪ್ಪೋ ಬಂದು ನಿಂತರೆ ಸಾಕು, ಸುತ್ತ ಜನ ಸೇರುತ್ತಾರೆ. "ಮಿಲಿಟರಿ ಗಾಡಿ ಸಾರ್, ಡೀಸೆಲ್ ಹಾಕಿ ಓಡಿಸ್ತಾ ಇರಿ, ಏನೂ ಆಗಲ್ಲ" ಎನ್ನುವ ಮಾತು ಮೊದಲು ಬರುತ್ತದೆ. ಇಂಥ ಗಾಡಿಗಳನ್ನು ಹಾಳು ಮಾಡಿರುವುದು ಈ ಮಾತೇ.

ಸೇನೆಯಲ್ಲಿ ಗಾಡಿ ಬಾಳಿಕೆ ಬಂದದ್ದು ಅದು ಉಕ್ಕಿನ ಮುದ್ದೆ ಎಂಬ ಕಾರಣಕ್ಕಲ್ಲ. ಗಾಡಿ ಚೆನ್ನಾಗಿ ಓಡುತ್ತಿದ್ದರೂ ಅಲ್ಲಿ ಸರದಿ ಬಂದಾಗ ಬಿಚ್ಚಿ ನೋಡುತ್ತಾರೆ, ಗ್ರೀಸ್ ಹೊಡೆಯುತ್ತಾರೆ, ಆಯಿಲ್ ಬದಲಿಸುತ್ತಾರೆ. ಅದಕ್ಕೆಂದೇ ಇಎಂಇ ಎಂಬ ಪ್ರತ್ಯೇಕ ದಳವಿದೆ. ನಮ್ಮ ಹಲಸೂರಿನಲ್ಲೇ 515 ಆರ್ಮಿ ಬೇಸ್ ವರ್ಕ್‌ಶಾಪ್ ಇದೆ. ಹರಾಜಿನಲ್ಲಿ ಕೊಂಡ ದಿನವೇ ಆ ಆರೈಕೆ ನಿಂತುಹೋಗುತ್ತದೆ. ಅದನ್ನು ಮುಂದುವರಿಸುವ ಹೊಣೆ ಕೊಂಡವರದ್ದು.

"ಇದು ಒರಿಜಿನಲ್ ಡೀಸೆಲ್" ಎಂಬುದು ಇನ್ನೊಂದು ನಂಬಿಕೆ. ನಿಸ್ಸಾನ್ ಪರವಾನಗಿಯಲ್ಲಿ ಜಬಲ್‌ಪುರದಲ್ಲಿ ತಯಾರಾದ ಜೋಂಗಾ ಮತ್ತು ಒನ್ ಟನ್, ಎರಡಕ್ಕೂ ಸೇನೆಯಲ್ಲಿ ಇದ್ದದ್ದು 3,956 ಸಿಸಿಯ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್. ಪೆಟ್ರೋಲ್ ಖರ್ಚು ತಾಳಲಾರದೆ ಹೊರಗಡೆ ಡೀಸೆಲ್ ಎಂಜಿನ್ ಕೂರಿಸಿದವೇ ಇಂದು ಹೆಚ್ಚಾಗಿ ಕಾಣುತ್ತವೆ. ಕೂರಿಸುವುದೆಂದರೆ ಬರೀ ಮೌಂಟಿಂಗ್ ವೆಲ್ಡ್ ಮಾಡುವುದಲ್ಲ. ಪೆಟ್ರೋಲ್ ಎಂಜಿನ್ ತಾನಾಗಿ ನಿರ್ವಾತ ಕೊಡುತ್ತದೆ, ಡೀಸೆಲ್ ಎಂಜಿನ್ ಕೊಡುವುದಿಲ್ಲ. ಬ್ರೇಕಿಗೆ ವ್ಯಾಕ್ಯೂಮ್ ಬೂಸ್ಟರ್ ಇದ್ದರೆ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಬೇಕೇ ಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಗಾಡಿಗೆ ಬಣ್ಣ ಹೊಡೆಸುವ ಮೊದಲು ಇದನ್ನು ನೋಡಿ.

ಇನ್ನು ಅತಿ ದುಬಾರಿಯಾದ ತಪ್ಪು: "ಎಂಜಿನ್ ಬಿಸಿಯಾಗ್ತಿದೆಯಾ? ಥರ್ಮೋಸ್ಟಾಟ್ ಕಿತ್ತು ಬಿಸಾಕಿ." ಸಿಲ್ಕ್ ಬೋರ್ಡ್ ಜಾಮಿನಲ್ಲಿ ಸಿಕ್ಕಿಕೊಂಡ ಹಳೆಯ ಗಾಡಿಯ ಟೆಂಪರೇಚರ್ ಮುಳ್ಳು ಏರುವುದು ನಿಜ. ಆದರೆ ಡೀಸೆಲ್ ಹೊತ್ತಿಕೊಳ್ಳುವುದು ಒತ್ತಡಕ್ಕೆ ಕಾದ ಗಾಳಿಯಿಂದ. ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದೆ ತಡೆಯುವ ಥರ್ಮೋಸ್ಟಾಟ್ ಇಲ್ಲದೆ ಎಂಜಿನ್ ಸದಾ ತಣ್ಣಗೇ ಓಡಿದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉಳಿದದ್ದು ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಕೊಂಡು ಕೆಳಗಿಳಿಯುತ್ತದೆ. ರಿಂಗು, ಲೈನರ್ ಬೇಗ ಸವೆಯುತ್ತವೆ. ಬಿಸಾಕುವ ಮೊದಲು ಪರೀಕ್ಷಿಸಿ. ಥರ್ಮೋಸ್ಟಾಟಿಗೆ ದಾರ ಕಟ್ಟಿ, ಪಾತ್ರೆಯ ತಳ ತಾಗದಂತೆ ನೀರಿನಲ್ಲಿ ಇಳಿಬಿಟ್ಟು, ಒಲೆ ಹೊತ್ತಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಡಿ. ಅದರ ಮೇಲೆ ಅಚ್ಚಾಗಿರುವ ಡಿಗ್ರಿಯ ಹತ್ತಿರ ಬಾಯಿ ಬಿಡಲು ಶುರುವಾಗಬೇಕು, ತಣಿದಾಗ ಮುಚ್ಚಬೇಕು. ಹಾಗಾದರೆ ತಪ್ಪು ಅದರದ್ದಲ್ಲ.

ನಮ್ಮ ಕಡೆ ತಪ್ಪು ಹೆಚ್ಚಾಗಿ ನೀರಿನದ್ದು. ಬೊಮ್ಮನಹಳ್ಳಿ ಭಾಗದಲ್ಲಿ ಬೋರ್ ನೀರು, ಟ್ಯಾಂಕರ್ ನೀರು ಮನೆಯ ಗೀಸರಿನಲ್ಲೇ ಬಿಳಿ ಪದರ ಕಟ್ಟುತ್ತದೆ; ಅದೇ ನೀರನ್ನು ರೇಡಿಯೇಟರಿಗೆ ಸುರಿದರೆ ಸಣ್ಣ ಕೊಳವೆಗಳು ಕಟ್ಟಿಕೊಳ್ಳದೆ ಇರುತ್ತವೆಯೇ? ಡಿಸ್ಟಿಲ್ಡ್ ನೀರಿಗೆ ಕೂಲೆಂಟ್ ಬೆರೆಸಿ ಹಾಕಿ. ರೇಡಿಯೇಟರ್ ಮುಚ್ಚಳವನ್ನೂ ಸಣ್ಣದೆಂದು ಬಿಡಬೇಡಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಅದನ್ನು ಒತ್ತಡದಿಂದ ತಡೆದು ಹಿಡಿಯುವುದು ಆ ಮುಚ್ಚಳ.

ಡೀಸೆಲ್ ಇಂಜೆಕ್ಷನ್ ಪಂಪಿನ ಸ್ಕ್ರೂ ತಿರುಗಿಸಿದರೆ ಪಿಕಪ್ ಬರುತ್ತದೆ ಎನ್ನುವವರೂ ಇದ್ದಾರೆ. ಗಾಳಿ ಅಷ್ಟೇ ಇದ್ದು ಡೀಸೆಲ್ ಮಾತ್ರ ಹೆಚ್ಚಾದರೆ ಬರುವುದು ಕಪ್ಪು ಹೊಗೆ. ಡಾಂಬರು ರಸ್ತೆಯಲ್ಲಿ ಫೋರ್ ವ್ಹೀಲ್ ಹಾಕಿದರೆ ಹಿಡಿತ ಹೆಚ್ಚುತ್ತದೆ ಎಂಬುದೂ ಸುಳ್ಳು. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಉರುಳಬೇಕು; ಜಾರಲು ಕೆಸರಿಲ್ಲದ ಕಡೆ ಆ ಬಿಗಿತವೆಲ್ಲ ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆ.

ಕಾನೂನಿನ ವಿಷಯದಲ್ಲಿ ಗೊಂದಲ ಇನ್ನೂ ದೊಡ್ಡದು. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ತಡೆ ಬಂದದ್ದು ದೆಹಲಿ ಸುತ್ತಮುತ್ತ, ಕರ್ನಾಟಕದಲ್ಲಲ್ಲ. ಇಲ್ಲಿ ಖಾಸಗಿ ಗಾಡಿಯ ನೋಂದಣಿಯನ್ನು 15 ವರ್ಷದ ನಂತರ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. ಆದರೆ ಸೇನೆಯ ಹಸಿರು ಬಣ್ಣ ಉಳಿಸಿಕೊಳ್ಳುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ ಮೀಸಲು. "ನನ್ನ ಗಾಡಿ, ನನ್ನಿಷ್ಟ" ಎಂಬ ವಾದವೂ ನಿಲ್ಲುವುದಿಲ್ಲ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಂಜಿನ್ ಬದಲಿಸುವುದಿದ್ದರೆ ಮೊದಲು ಆರ್‌ಟಿಒ ಅನುಮತಿ ಬೇಕು, ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಬೇಕು.

ಆದ್ದರಿಂದ ಗಾಡಿ ನೋಡಲು ಹೋದಾಗ ಒಂದು ಟಾರ್ಚು, ಒಂದು ವೈರ್ ಬ್ರಷ್ ಜೊತೆಗಿರಲಿ. ಎಂಜಿನ್ ಬ್ಲಾಕಿನ ಮೇಲಿನ ಮಣ್ಣು ಉಜ್ಜಿ ನಂಬರ್ ಓದಿ, ಛಾಸಿ ನಂಬರನ್ನೂ ಓದಿ, ಎರಡನ್ನೂ ಆರ್‌ಸಿಯ ಜೊತೆ ತಾಳೆ ನೋಡಿ. ಒಂದು ಅಂಕಿ ಹೊಂದದಿದ್ದರೂ ಅಡ್ವಾನ್ಸ್ ಕೊಡಬೇಡಿ.