ಮಗುವಿನ ಹೊಟ್ಟೆ ಪದೇ ಪದೇ ಕೆಡ್ತಿದ್ಯಾ? ಸಿರಪ್ ಬದಲಿಸೋ ಮೊದಲು ಇದನ್ನ ಓದಿ

ಕಾಡುಗೋಡಿ: ಎರಡು ದಿನ ಮಗು ಚೆನ್ನಾಗಿರುತ್ತೆ, ಮೂರನೇ ದಿನ ಮತ್ತೆ ಭೇದಿ. ಇನ್ನು ಕೆಲವು ಮಕ್ಕಳಿಗೆ ನಾಲ್ಕೈದು ದಿನ ಮಲವೇ ಆಗಲ್ಲ, ಹೊಟ್ಟೆ ಹಿಡ್ಕೊಂಡು ಅಳ್ತವೆ. ಹಲ್ಲು ಬರ್ತಿದೆ ಅಂತ ಅಜ್ಜಿ, ದೃಷ್ಟಿ ಆಗಿದೆ ಅಂತ ಪಕ್ಕದ ಮನೆಯವರು, ಜಂತುಹುಳ ಇರಬೇಕು ಅಂತ ಮೆಡಿಕಲ್ ಶಾಪ್‌ನವರು. ಮೂರು ಕ್ಲಿನಿಕ್ ಸುತ್ತಿ, ಮೂರು ಸಿರಪ್ ಕುಡಿಸಿದರೂ ಉತ್ತರ ಸಿಗಲ್ಲ.

ಇದಕ್ಕೆ ಒಂದು ದೊಡ್ಡ ಕಾರಣವಿದೆ. ಕ್ಲಿನಿಕ್ ಬದಲಾದಂತೆಲ್ಲ ಪ್ರತಿ ವೈದ್ಯರೂ ಆ ಒಂದು ದಿನದ ಮಗುವನ್ನು ಮಾತ್ರ ನೋಡುತ್ತಾರೆ. ಹಿಂದಿನ ತಿಂಗಳುಗಳ ವಿವರ ಯಾರ ಮುಂದೆಯೂ ಇರುವುದಿಲ್ಲ. ಆ ವಿವರ ಕೊಡಬೇಕಾದವರು ಮನೆಯವರೇ.

ಮೊದಲ ಪ್ರಶ್ನೆ: ತೂಕ ಏರ್ತಿದ್ಯಾ?

ಮಗು ಬೆಳೀತಿದ್ಯಾ ಇಲ್ವಾ ಅನ್ನೋದು ಎಲ್ಲಕ್ಕಿಂತ ಮುಖ್ಯ. ಸಾಮಾನ್ಯವಾಗಿ ಹುಟ್ಟಿದಾಗಿನ ತೂಕ ಐದು ತಿಂಗಳಿಗೆ ಎರಡರಷ್ಟು, ಒಂದು ವರ್ಷಕ್ಕೆ ಮೂರರಷ್ಟು ಆಗುತ್ತದೆ. ನಂತರ ಐದು ವರ್ಷದವರೆಗೆ ವರ್ಷಕ್ಕೆ ಸುಮಾರು 2 ಕೆ.ಜಿ. ಏರುತ್ತದೆ. ತಾಯಿ ಕಾರ್ಡ್‌ನಲ್ಲಿರುವ ಬೆಳವಣಿಗೆ ಪಟ್ಟಿ ಇದಕ್ಕೇ ಇರೋದು. ಅಂಗನವಾಡಿಯಲ್ಲಿ ಪ್ರತಿ ತಿಂಗಳು ತೂಕ ಹಾಕಿಸಿ, ಅದರಲ್ಲಿ ಬರೆಸಿ. ಗೆರೆ ಮೇಲಕ್ಕೆ ಹೋಗ್ತಿದ್ದರೆ, ಮಗು ಆಟವಾಡಿಕೊಂಡಿದ್ದರೆ, ಹೆಚ್ಚಿನ ಸಲ ಗಾಬರಿ ಪಡುವಂಥದ್ದಲ್ಲ. ಗೆರೆ ಮಟ್ಟಸವಾದರೆ ಅಥವಾ ಇಳಿದರೆ ತಕ್ಷಣ ಮಕ್ಕಳ ವೈದ್ಯರಿಗೆ ತೋರಿಸಿ.

ಎರಡು ವಾರ ಲೆಕ್ಕ ಬರೆಯಿರಿ

ಅಂಗಡಿ ಉದ್ರಿ ಪುಸ್ತಕದಂತೆ ಒಂದು ನೋಟ್‌ಬುಕ್ ಇಡಿ. ಮಗು ಏನು ತಿಂತು, ಎಷ್ಟು ಹಾಲು ಕುಡೀತು, ಎಷ್ಟು ಸಲ ಮಲ ಆಯ್ತು, ನೀರಾಗಿತ್ತಾ, ಗಟ್ಟಿಯಾಗಿತ್ತಾ, ರಕ್ತ ಅಥವಾ ಲೋಳೆ ಇತ್ತಾ, ಹೊಟ್ಟೆನೋವು ಯಾವಾಗ ಬಂತು, ಯಾವ ಔಷಧ ಕೊಟ್ಟಿರಿ — ದಿನಾ ಬರೆಯಿರಿ. ಮಲದ ಒಂದು ಫೋಟೊ ಮೊಬೈಲ್‌ನಲ್ಲಿದ್ದರೂ ವೈದ್ಯರಿಗೆ ಅನುಕೂಲ. ಆದರೆ ಮಗು ಸುಸ್ತಾಗಿದ್ದರೆ ಲೆಕ್ಕ ಮುಗಿಯಲಿ ಅಂತ ಕಾಯಬೇಡಿ.

ಸಾಮಾನ್ಯವಾಗಿ ಕಾಣುವ ಕಾರಣಗಳು

ಮಲಬದ್ಧತೆ: ಗಟ್ಟಿ ಮಲ ಒಳಗೆ ಕಟ್ಟಿಕೊಂಡಾಗ ಅದರ ಪಕ್ಕದಿಂದ ನೀರಾದ ಮಲ ಸೋರುತ್ತದೆ. ಮನೆಯವರು ಇದನ್ನೇ ಭೇದಿ ಅಂದುಕೊಂಡು ಭೇದಿ ನಿಲ್ಲಿಸುವ ಔಷಧ ಕೊಟ್ಟರೆ ತೊಂದರೆ ಇನ್ನೂ ಜಾಸ್ತಿ. ದಿನಕ್ಕೆ ಅರ್ಧ ಲೀಟರ್‌ಗಿಂತ ಹೆಚ್ಚು ಹಸುವಿನ ಹಾಲು ಕುಡಿದು ಊಟ ಬಿಡುವ ಮಕ್ಕಳಲ್ಲಿ ಮಲಬದ್ಧತೆಯೂ ರಕ್ತಹೀನತೆಯೂ ಕಾಣಿಸಿಕೊಳ್ಳುವುದುಂಟು.

ಜ್ಯೂಸ್ ಭೇದಿ: ಒಂದರಿಂದ ಐದು ವರ್ಷದ ಮಗು ಚೆನ್ನಾಗಿ ಬೆಳೀತಿದೆ, ಆದರೂ ದಿನಕ್ಕೆ ಮೂರ್ನಾಲ್ಕು ಸಲ ತೆಳ್ಳಗೆ ಹೋಗುತ್ತೆ, ಕ್ಯಾರೆಟ್ ಚೂರು ಹಾಗೇ ಕಾಣುತ್ತೆ. ಪ್ಯಾಕೆಟ್ ಜ್ಯೂಸ್, ಸಿಹಿ ಪಾನೀಯ ನಿಲ್ಲಿಸಿದರೆ ಎಷ್ಟೋ ಮಕ್ಕಳಿಗೆ ಕಡಿಮೆಯಾಗುತ್ತದೆ.

ಭೇದಿಯಾದ ನಂತರ ಹಾಲು ಅರಗದಿರುವುದು: ಸೋಂಕಿನಿಂದ ಕರುಳಿನ ಒಳಪದರ ಕೆಟ್ಟಾಗ ಕೆಲವು ವಾರ ಹಾಲು ಜೀರ್ಣವಾಗಲ್ಲ. ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ಎದೆಹಾಲು ಮಾತ್ರ ನಿಲ್ಲಿಸಬಾರದು. ಹಸುಗೂಸಿನ ಮಲದಲ್ಲಿ ರಕ್ತದ ಎಳೆ ಕಂಡರೆ ಹಾಲಿನ ಅಲರ್ಜಿಯೂ ಇರಬಹುದು. ಇದನ್ನು ವೈದ್ಯರ ಸಲಹೆಯಿಂದಲೇ ಪರೀಕ್ಷಿಸಬೇಕು.

ಹುಳ ಮತ್ತು ಪರಾವಲಂಬಿ: ಫೆಬ್ರುವರಿ 10 ಮತ್ತು ಆಗಸ್ಟ್ 10ರ ಜಂತುಹುಳ ನಿವಾರಣಾ ದಿನಗಳಂದು ಅಂಗನವಾಡಿಯಲ್ಲಿ ಆಲ್ಬೆಂಡಜೋಲ್ ಮಾತ್ರೆ ಉಚಿತ. ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ, ಮೇಲ್ಪಟ್ಟವರಿಗೆ ಒಂದು. ಆದರೆ ಜಿಯಾರ್ಡಿಯಾ ಎಂಬ ಪರಾವಲಂಬಿ ಈ ಒಂದು ಮಾತ್ರೆಗೆ ಹೋಗುತ್ತೆ ಅನ್ನೋ ಭರವಸೆ ಇಲ್ಲ. ಅದನ್ನು ಹಿಡಿಯಲು ಬೇರೆ ಬೇರೆ ದಿನದ ಮೂರು ಮಲದ ಮಾದರಿ ಬೇಕಾಗಬಹುದು. ಒಂದು ರಿಪೋರ್ಟ್ ನಾರ್ಮಲ್ ಬಂದರೆ ಅಲ್ಲಿಗೆ ಮುಗೀತು ಅಂತಲ್ಲ.

ಗೋಧಿ ನಿಲ್ಲಿಸೋ ಮೊದಲು ಟೆಸ್ಟ್

ಸೀಲಿಯಾಕ್ ಎಂಬ ಕಾಯಿಲೆಯಲ್ಲಿ ಗೋಧಿ, ಬಾರ್ಲಿಯ ಗ್ಲುಟನ್ ಕರುಳಿಗೆ ಹಾನಿ ಮಾಡುತ್ತದೆ. ದೇಶದ ಮೂರು ಭಾಗಗಳ 23 ಸಾವಿರಕ್ಕೂ ಹೆಚ್ಚು ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದು ಉತ್ತರದಲ್ಲಿ ಸಾವಿರಕ್ಕೆ ಸುಮಾರು 12, ದಕ್ಷಿಣದಲ್ಲಿ ಸಾವಿರಕ್ಕೆ ಸುಮಾರು 1 ಕಂಡುಬಂತು. ಕೆಲಸಕ್ಕಾಗಿ ಉತ್ತರದಿಂದ ಬಂದ ಕುಟುಂಬಗಳು ನಮ್ಮ ವೈಟ್‌ಫೀಲ್ಡ್ ಸುತ್ತ ಬಹಳ ಇರುವುದರಿಂದ ಇದು ತಿಳಿದಿರಬೇಕು. ತೂಕ ಏರದ ಮಗುವಿಗೆ ವೈದ್ಯರು ಇದರ ರಕ್ತಪರೀಕ್ಷೆ ಬರೆದರೆ, ಅಲ್ಲಿಯವರೆಗೆ ಚಪಾತಿ, ಬಿಸ್ಕತ್ತು ಬಿಡಿಸಬೇಡಿ. ಗೋಧಿ ಬಿಟ್ಟ ಮೇಲೆ ಟೆಸ್ಟ್ ಮಾಡಿದರೆ ಕಾಯಿಲೆ ಇದ್ದರೂ ಕಾಣದೆ ಹೋಗಬಹುದು. ಕಾಯಿಲೆ ಖಚಿತವಾದರೆ ರಾಗಿ, ಅಕ್ಕಿ, ಜೋಳ ಇದ್ದೇ ಇವೆ.

ನೀರಿನ ಕಡೆಯೂ ನೋಡಿ

ಕಾವೇರಿ ಐದನೇ ಹಂತದ ಯೋಜನೆ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದರೂ ಈ ಭಾಗದ ಎಷ್ಟೋ ಮನೆಗಳು ಇನ್ನೂ ಬೋರ್‌ವೆಲ್, ಟ್ಯಾಂಕರ್ ನೀರನ್ನೇ ನಂಬಿವೆ. ನೀರು ಎಲ್ಲಿಂದಲೇ ಬರಲಿ, ಸಂಪು ಕೊಳಕಾಗಿದ್ದರೆ ಪ್ರಯೋಜನವಿಲ್ಲ. ಮಗುವಿನ ನೀರನ್ನು ಕುದಿಸಿ ಆರಿಸಿ ಕೊಡಿ. ಅದೇ ಸಂಪಿನ ನೀರು ಬಳಸುವ ಬೇರೆ ಮನೆಗಳಲ್ಲೂ ಭೇದಿ ಇದ್ದರೆ ವೈದ್ಯರಿಗೆ ಹೇಳಿ.

ಅಂಗಡಿಯವರ ಗಮನಕ್ಕೆ

ಸಿಹಿ ಪಾನೀಯಗಳ ಮೇಲೆ ‘ಓಆರ್‌ಎಸ್’ ಎಂದು ಬರೆಯುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್ 14ರಂದು ಆದೇಶಿಸಿತು. ಹೈದರಾಬಾದ್‌ನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದರು. ಸಕ್ಕರೆ ಹೆಚ್ಚಿರುವ ಪಾನೀಯ ಭೇದಿಯನ್ನು ಹೆಚ್ಚಿಸಬಲ್ಲದು. ಗಿರಾಕಿ ಓಆರ್‌ಎಸ್ ಕೇಳಿದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ ಪೊಟ್ಟಣವನ್ನೇ ಕೊಡಿ. 1 ಲೀಟರ್ ಪೊಟ್ಟಣವನ್ನು ಪೂರ್ತಿ 1 ಲೀಟರ್ ನೀರಿಗೇ ಹಾಕಬೇಕು, 24 ಗಂಟೆ ಆದ ಮೇಲೆ ಉಳಿದದ್ದು ಚೆಲ್ಲಬೇಕು ಅಂತ ಒಂದು ಮಾತು ಹೇಳಿ.

ಇವು ಕಂಡರೆ ಕಾಯಬೇಡಿ

ಮಲದಲ್ಲಿ ರಕ್ತ, ಹಸಿರು ಬಣ್ಣದ ವಾಂತಿ, ಹೊಟ್ಟೆ ಉಬ್ಬರ, ಆರೇಳು ಗಂಟೆ ಮೂತ್ರ ಆಗದಿರುವುದು, ಕಣ್ಣು ಗುಳಿ ಬೀಳುವುದು, ಎಬ್ಬಿಸಿದರೂ ಏಳದ ಮಂಪರು: ಇವುಗಳಲ್ಲಿ ಯಾವುದೇ ಇದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ, ಇಲ್ಲವೇ 108ಕ್ಕೆ ಕರೆ ಮಾಡಿ. ಭೇದಿ 14 ದಿನ ದಾಟಿದರೆ, ನೋವಿಗೆ ಮಗು ರಾತ್ರಿ ಎದ್ದು ಅಳ್ತಿದ್ದರೆ ತಡಮಾಡದೆ ತೋರಿಸಿ.

ಎಲ್ಲಿಗೆ ಹೋಗೋದು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ನಮ್ಮ ಕ್ಲಿನಿಕ್ ಅಥವಾ ನಿಮ್ಮ ಮಕ್ಕಳ ವೈದ್ಯರ ಹತ್ತಿರ ಹೋಗಿ. ದೊಡ್ಡ ಪರೀಕ್ಷೆ ಬೇಕೆಂದರೆ ಹೊಸೂರು ರಸ್ತೆ ಕಡೆಯ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸರ್ಕಾರದ್ದೇ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ಕಾಡುಗೋಡಿಯಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ಕಬ್ಬನ್ ಪಾರ್ಕ್‌ಗೆ ಹೋಗಿ, ಅಲ್ಲಿಂದ ಆಟೊ ಹಿಡಿಯಬಹುದು. ಸಲಹೆಗೆ 104 ಆರೋಗ್ಯ ಸಹಾಯವಾಣಿ ಇದೆ.

ಹೋಗುವಾಗ ತಾಯಿ ಕಾರ್ಡ್, ನೋಟ್‌ಬುಕ್, ಹಳೇ ಚೀಟಿ, ಔಷಧದ ಬಾಟಲಿಗಳನ್ನು ತಗೊಂಡು ಹೋಗಿ. ಮೂರು ಪ್ರಶ್ನೆ ಕೇಳಿ: ನಿಮ್ಮ ಪ್ರಕಾರ ಕಾರಣ ಏನು? ಈ ಟೆಸ್ಟ್‌ನಿಂದ ಏನು ಗೊತ್ತಾಗುತ್ತೆ? ಎಷ್ಟು ದಿನದಲ್ಲಿ ಕಡಿಮೆಯಾಗದಿದ್ದರೆ ಮತ್ತೆ ಬರಬೇಕು? ಅವರು ಹೇಳಿದ ದಿನಕ್ಕೆ ಅದೇ ವೈದ್ಯರ ಬಳಿ ಮತ್ತೆ ಹೋಗಿ.