ಶಿಲುಬೆ ಕಾಣದ ಇಗರ್ಜಿ, ಯೇಸುವಿನ ಹೆಸರೆತ್ತದ ಮೆಟ್ಟಿಲು

ಕತಾರಿನ ದೋಹಾದ ಅಬು ಹಮೂರ್‌ನಲ್ಲಿ ಸಾವಿರಾರು ಜನ ಹಿಡಿಸುವ ಒಂದು ಇಗರ್ಜಿ ಇದೆ. ಹೊರಗೆ ನಿಂತು ನೋಡಿ: ಶಿಲುಬೆಯಿಲ್ಲ, ಗಂಟೆಯಿಲ್ಲ, ಇದು ದೇವರ ಮನೆಯೆಂದು ಹೇಳುವ ಗುರುತೇ ಇಲ್ಲ. ಒಳಗೆ ಕಾಲಿಡಿ, ಎಲ್ಲವೂ ಇದೆ! ಜಪಮಾಲೆ ಮಾತೆಯ ಹೆಸರಿನ ಈ ಇಗರ್ಜಿಗೆ ಜಾಗ ಕೊಟ್ಟವರು ಆಗಿನ ಅಮೀರ ಶೇಖ್ ಹಮದ್ ಬಿನ್ ಖಲೀಫಾ ಅಲ್ ಥಾನಿ. 2008ರ ಮಾರ್ಚ್‌ನಲ್ಲಿ ಪ್ರತಿಷ್ಠೆ ಮಾಡಿದವರು ಹಿಂದೆ ಮುಂಬಯಿಯ ಆರ್ಚ್‌ಬಿಷಪ್ ಆಗಿದ್ದ ಕಾರ್ಡಿನಲ್ ಐವನ್ ಡಯಾಸ್. ವಾರದ ರಜೆ ಶುಕ್ರವಾರವಾದ್ದರಿಂದ ನಮ್ಮೂರಿನ ಭಾನುವಾರದ ಜನಜಂಗುಳಿ ಇಲ್ಲಿ ಶುಕ್ರವಾರವೇ ನೆರೆಯುತ್ತದೆ. ಮಲಯಾಳಂ, ತಗಾಲೊಗ್, ಅರೇಬಿಕ್, ನಮ್ಮ ಕರಾವಳಿಯ ಕೊಂಕಣಿ, ಎಲ್ಲ ಭಾಷೆಗಳ ಪ್ರಾರ್ಥನೆಯೂ ಇದೇ ಗೋಡೆಗಳ ನಡುವೆ.

ಇಂಥದ್ದೇ ಇನ್ನೊಂದು ಮನೆಯಿದೆ. ಅದಕ್ಕೆ ಇಟ್ಟಿಗೆಯಿಲ್ಲ, ಗಾರೆಯಿಲ್ಲ, ಅದರ ಬಾಗಿಲ ಮೇಲೂ ಶಿಲುಬೆಯಿಲ್ಲ. ಕುಡಿತ ಬಿಡಬೇಕೆಂದು ಒದ್ದಾಡುವವರು ಒಬ್ಬರಿಗೊಬ್ಬರು ಆಸರೆಯಾಗಿ ಕೂರುವ ಆ ಕೂಟದ ಹೆಸರು ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ ಎಎ. ದೋಹಾದಲ್ಲೂ ಅದರ ಸಭೆಗಳಿವೆ. ಕುಡಿತ ಬಿಡಲು ಅದು ಹಾಕಿಕೊಟ್ಟ ಹನ್ನೆರಡು ಮೆಟ್ಟಿಲುಗಳನ್ನು ಓದಿ ನೋಡಿ, ಯೇಸುವಿನ ಹೆಸರು ಒಂದು ಕಡೆಯೂ ಸಿಗುವುದಿಲ್ಲ. ಆದರೆ ಆ ಮೆಟ್ಟಿಲುಗಳ ಬುಡ ಅಗೆಯುತ್ತ ಹೋದರೆ ಸಿಗುವುದನ್ನು ಕಂಡು ನಾನು ಬೆರಗಾಗಿದ್ದೇನೆ!

1934ರ ನವೆಂಬರ್. ನ್ಯೂಯಾರ್ಕಿನ ಬ್ರೂಕ್ಲಿನ್. ಕುಡಿದು ಕುಡಿದು ಷೇರುಪೇಟೆಯ ಬದುಕನ್ನೇ ಕಳೆದುಕೊಂಡ, ಮುಂದೆ ಎಎ ಕಟ್ಟಲಿದ್ದ ಬಿಲ್ ವಿಲ್ಸನ್‌ನ ಅಡುಗೆಮನೆ. ಹಳೆಯ ಗೆಳೆಯ ಎಬಿ ಥ್ಯಾಚರ್ ಬಂದಿದ್ದಾನೆ. ಬಿಲ್ ಒಂದು ಗ್ಲಾಸು ಜಿನ್ ಮುಂದಿಡುತ್ತಾನೆ. ಎಬಿ ಬೇಡವೆನ್ನುತ್ತಾನೆ. ಎಬಿ, ಜೊತೆಯಲ್ಲಿ ಕುಡಿದು ಬೀದಿ ಸುತ್ತಿದ ಎಬಿ, ಬೇಡವೆನ್ನುತ್ತಾನೆ! ಅವನಿಗೆ ದೇವರು ಸಿಕ್ಕಿದ್ದನಂತೆ. ತೋರಿಸಿಕೊಟ್ಟವರು ಫ್ರಾಂಕ್ ಬುಕ್‌ಮನ್ ಎಂಬ ಲೂಥರನ್ ಪಾದ್ರಿ ಕಟ್ಟಿದ ಆಕ್ಸ್‌ಫರ್ಡ್ ಗ್ರೂಪ್‌ನವರು. ಆದಿಕಾಲದ ಕ್ರೈಸ್ತರ ಹಾಗೆ ಮನೆಮನೆಯಲ್ಲಿ ಸೇರುವುದು, ತಪ್ಪನ್ನು ಇನ್ನೊಬ್ಬರೆದುರು ಒಪ್ಪಿಕೊಳ್ಳುವುದು, ನೋಯಿಸಿದವರ ಬಳಿಗೆ ಹೋಗಿ ಸರಿಪಡಿಸುವುದು, ಮೌನವಾಗಿ ಕೂತು ದೇವರ ಮಾತಿಗೆ ಕಾಯುವುದು, ಇಷ್ಟೇ ಅವರ ದಾರಿ. ಎಬಿಗೆ ಅದನ್ನು ಮುಟ್ಟಿಸಿದವರಲ್ಲಿ ಒಬ್ಬ ರೋಲಂಡ್ ಹಜಾರ್ಡ್. ಅವನ ಹಿಂದೆ ಯಾರು ಗೊತ್ತೇ? ಕಾರ್ಲ್ ಯುಂಗ್! ವೈದ್ಯದಿಂದ ನಿನಗೆ ಗುಣವಿಲ್ಲ, ಆಳವಾದ ಆಧ್ಯಾತ್ಮಿಕ ಅನುಭವ ಒಂದೇ ದಾರಿ ಎಂದು ರೋಲಂಡ್‌ಗೆ ಹೇಳಿ ಕಳಿಸಿದ್ದ ಮನೋವೈದ್ಯ.

ಮರುವರ್ಷ ಮೇ ತಿಂಗಳಲ್ಲಿ, ಅಷ್ಟರೊಳಗೆ ಕುಡಿತ ಬಿಟ್ಟಿದ್ದ ಬಿಲ್ ಓಹಾಯೋದ ಆಕ್ರನ್ ಊರಿನ ಹೋಟೆಲೊಂದರಲ್ಲಿ ಒಂಟಿಯಾಗಿ ನಿಂತಿದ್ದ. ವ್ಯವಹಾರ ಮುರಿದುಬಿದ್ದಿದೆ, ಪಕ್ಕದಲ್ಲೇ ಬಾರು ಕರೆಯುತ್ತಿದೆ. ಅವನು ಬಾರಿಗೆ ಹೋಗಲಿಲ್ಲ. ಒಬ್ಬ ಪಾದ್ರಿಗೆ ಫೋನು ಮಾಡಿ, ಯಾರಾದರೂ ಕುಡುಕನನ್ನು ಭೇಟಿ ಮಾಡಿಸಿ ಎಂದ. ತನ್ನನ್ನು ಉಳಿಸಿಕೊಳ್ಳಲು ಇನ್ನೊಬ್ಬ ಕುಡುಕನನ್ನು ಹುಡುಕಿದ! ಸಿಕ್ಕಿದವರು ಸರ್ಜನ್ ಡಾಕ್ಟರ್ ಬಾಬ್ ಸ್ಮಿತ್. ಕಾಲು ಗಂಟೆ ಮಾತ್ರ ಎಂದುಕೊಂಡು ಕೂತವರು ಗಂಟೆಗಟ್ಟಲೆ ಮಾತಾಡಿದರು. 1935ರ ಜೂನ್ 10ರಂದು ಬಾಬ್ ಕೊನೆಯ ಬಾರಿ ಕುಡಿದರು. ಎಎ ತನ್ನ ಹುಟ್ಟುದಿನವೆಂದು ಎಣಿಸುವುದು ಅದನ್ನೇ.

ಆಕ್ರನ್‌ನ ಬಾಬ್ ಅವರ ಮನೆಯಲ್ಲಿ ಅವರ ಹೆಂಡತಿ ಆನ್ ಬೈಬಲ್ ಓದಿ ಹೇಳುತ್ತಿದ್ದರು. ಬೆಟ್ಟದ ಮೇಲಿನ ಬೋಧನೆ, ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರಿಕೆಯ 13ನೇ ಅಧ್ಯಾಯ, ಎಲ್ಲಕ್ಕಿಂತ ಹೆಚ್ಚಾಗಿ ಯಾಕೋಬನ ಪತ್ರಿಕೆ. ಈ ಕೂಟಕ್ಕೆ ಯಾಕೋಬನ ಹೆಸರನ್ನೇ ಇಡೋಣವೆಂದೂ ಕೆಲವರು ಆಸೆಪಟ್ಟಿದ್ದರು. ಆ ಪತ್ರಿಕೆಯ 5ನೇ ಅಧ್ಯಾಯದ 16ನೇ ವಚನ ತೆಗೆದು ನೋಡಿ, ಎಎಯ ಐದನೇ ಮೆಟ್ಟಿಲು ಅಲ್ಲೇ ಕೂತಿದೆ: ತಪ್ಪನ್ನು ಒಬ್ಬರಿಗೊಬ್ಬರು ಹೇಳಿಕೊಂಡರೆ ಗುಣವಾಗುತ್ತದೆ ಎಂಬ ಭರವಸೆ. 1939ರಲ್ಲಿ ಆಕ್ರನ್‌ನ ಸೇಂಟ್ ಥಾಮಸ್ ಆಸ್ಪತ್ರೆಯ ಸಿಸ್ಟರ್ ಇಗ್ನೇಷಿಯಾ ಕುಡುಕರಿಗೆ ಹಾಸಿಗೆ ಕೊಟ್ಟರು. ಕುಡುಕರನ್ನು ಆಸ್ಪತ್ರೆಗಳು ಬಾಗಿಲಿಂದಲೇ ಅಟ್ಟುತ್ತಿದ್ದ ಕಾಲದಲ್ಲಿ! ಮನೆಗೆ ಹೊರಟವನ ಕೈಗೆ ಯೇಸುವಿನ ಪವಿತ್ರ ಹೃದಯದ ಬಿಲ್ಲೆಯೊಂದನ್ನು ಇಡುತ್ತಿದ್ದರು. ಮತ್ತೆ ಕುಡಿಯುವುದಾದರೆ ಮೊದಲು ಇದನ್ನು ತಂದು ನನಗೆ ವಾಪಸು ಕೊಡಬೇಕು, ಅದೊಂದೇ ಕರಾರು.

ಹೀಗೆ ಬೇರಿನಿಂದ ತುದಿಯವರೆಗೂ ಕ್ರೈಸ್ತವಾಗಿದ್ದ ಈ ಕೂಟ ತನ್ನ ಮೆಟ್ಟಿಲುಗಳನ್ನೊಳಗೊಂಡ ಪುಸ್ತಕ ಬರೆಯುವಾಗ ಮಾಡಿದ್ದೇನು? 1938ರ ಕೊನೆಗೆ ಬಿಸಿಬಿಸಿ ವಾದ ನಡೆಯಿತು. ಪಾದ್ರಿಯ ಮಗ ಫಿಟ್ಜ್ ಮೇಯೊ, ಇದು ಕ್ರೈಸ್ತ ಪುಸ್ತಕವೆಂದು ಎದೆತಟ್ಟಿ ಹೇಳೋಣ ಎಂದ. ದೇವರೆಂದರೆ ಸಿಡುಕುತ್ತಿದ್ದ ಜಿಮ್ ಬರ್ವೆಲ್, ದೇವರ ಮಾತೇ ಬೇಡವೆಂದ. ಕಡೆಗೆ ಉಳಿದದ್ದು, ನಾವು ಅರಿತುಕೊಂಡಂಥ ದೇವರು ಎಂಬಷ್ಟು ಅಗಲವಾದ ಮಾತು. ಮಂಡಿಯೂರಿ ಬೇಡಬೇಕು ಎಂಬ ಸಾಲೂ ಏಳನೇ ಮೆಟ್ಟಿಲಿಂದ ಹೋಯಿತು. ಫಿಟ್ಜ್ ಕೂಟ ಬಿಡಲಿಲ್ಲ, ಜಿಮ್ಮೂ ಬಿಡಲಿಲ್ಲ. ಮೇರಿಲ್ಯಾಂಡಿನ ಒಂದೇ ಇಗರ್ಜಿಯ ಅಂಗಳದಲ್ಲಿ ಈಗ ಇಬ್ಬರೂ ಮಲಗಿದ್ದಾರೆ!

ಯೇಸುವಿನ ಹೆಸರು ಬಿಟ್ಟದ್ದು ಕೆಲವು ಭಕ್ತರಿಗೆ ನಷ್ಟದ ಹಾಗೆ ಕಾಣುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಮುಳುಗುತ್ತಿರುವವನಿಗೆ ಕೈ ಚಾಚಿ, ಹೆಸರು ಹೇಳದೆ ಹಿಂದೆ ಸರಿದು ನಿಲ್ಲುವುದಕ್ಕಿಂತ ಕ್ರೈಸ್ತವಾದದ್ದು ಇನ್ನೇನಿದೆ? ಅವರು ಹಾಗೆ ಸರಿದು ನಿಂತದ್ದರಿಂದಲೇ 1989ರಲ್ಲಿ ಬಾಲ್ಟಿಮೋರ್‌ನ ಮುಸ್ಲಿಮರು ಅದೇ ಮೆಟ್ಟಿಲುಗಳನ್ನು ತಮ್ಮ ನಂಬಿಕೆಗೆ ಹೊಂದಿಸಿ ಮಿಲ್ಲತಿ ಇಸ್ಲಾಮಿ ಎಂಬ ಕೂಟ ಕಟ್ಟಿದರು. ನಮ್ಮ ಕರಾವಳಿಗೂ ಗುಣವಾದವನೇ ಇನ್ನೊಬ್ಬನ ಕೈಹಿಡಿಯುವ ಈ ರೀತಿ ಹೊಸದಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಮತ್ತೆ ಸೇರುತ್ತಾರೆ. ಅಲ್ಲಿ ಹೊತ್ತಿಸುವ ದೀಪ ಮಂಜುನಾಥಸ್ವಾಮಿಯದು.

ಈಗ ಕತಾರಿಗೆ ಬನ್ನಿ. ಗಲ್ಫಿಗೆ ಕಳಿಸಿದರೆ ಹುಡುಗ ಸರಿಹೋಗುತ್ತಾನೆ, ಅಲ್ಲಿ ಕುಡಿಯಲು ಸಿಗುವುದಿಲ್ಲ ಎಂದು ನಂಬಿ ವೀಸಾ ಮಾಡಿಸುವ ಮನೆಗಳು ನಮ್ಮಲ್ಲಿವೆ. 2022ರ ವಿಶ್ವಕಪ್ ಶುರುವಾಗಲು ಎರಡು ದಿನವಿದ್ದಾಗ ಸ್ಟೇಡಿಯಂಗಳಲ್ಲಿ ಬಿಯರ್ ಮಾರಾಟ ನಿಲ್ಲಿಸಿದ ದೇಶವಲ್ಲವೇ! ಆದರೆ ಪರವಾನಗಿ ಪಡೆದ ಹೋಟೆಲುಗಳಲ್ಲಿ ಮದ್ಯವಿದೆ, ಪರವಾನಗಿಯಿದ್ದ ವಿದೇಶೀಯರಿಗೆ ಕತಾರ್ ಡಿಸ್ಟ್ರಿಬ್ಯೂಷನ್ ಕಂಪನಿಯ ಅಂಗಡಿಯಿದೆ. 2019ರ ಜನವರಿಯಿಂದ ಮದ್ಯಕ್ಕೆ ನೂರಕ್ಕೆ ನೂರು ತೆರಿಗೆ ಬಿದ್ದಿದೆ. ಚಟ ಬೆಲೆ ಕೇಳುತ್ತದೆಯೇ? ಕುಡಿದು ಬೀದಿಯಲ್ಲಿ ಸಿಕ್ಕಿಬಿದ್ದರೆ ಅಪರಾಧ. ನೌಕರಿ, ವೀಸಾ, ಊರಿಗೆ ಕಳಿಸುವ ಹಣ, ಎಲ್ಲ ಒಂದೇ ದಾರದಲ್ಲಿ ನೇತಾಡುವವನು ಸಹಾಯ ಕೇಳುವುದಾದರೂ ಹೇಗೆ? ಹೆಸರು ಕೇಳದ, ಪುಸ್ತಕದಲ್ಲಿ ಬರೆದುಕೊಳ್ಳದ ಒಂದು ಕೋಣೆ ಅಂಥವನಿಗೆ ಏನೆಂದು ಯೋಚಿಸಿ!

ಎಲ್ಲಕ್ಕಿಂತ ನನ್ನನ್ನು ನಡುಗಿಸಿದ್ದು ಇನ್ನೂ ಹಳೆಯ ಸಂಗತಿ. ಏಳನೇ ಶತಮಾನದಲ್ಲಿ ಇಂದಿನ ಕತಾರೂ ಸೇರಿದ ಈ ಕರಾವಳಿಗೆ ಸಿರಿಯಾಕ್ ಕ್ರೈಸ್ತರು ಬೇತ್ ಕತ್ರಾಯೆ ಎನ್ನುತ್ತಿದ್ದರು. ಅಲ್ಲಿ ಹುಟ್ಟಿದ ಐಸಾಕ್ ನಿನೆವೆಯ ಬಿಷಪ್ ಆದ. ಐದೇ ತಿಂಗಳಲ್ಲಿ ಗದ್ದುಗೆ ಬಿಟ್ಟು ಬೆಟ್ಟ ಸೇರಿದ. ಓದಿ ಓದಿ ಕಣ್ಣು ಕಳೆದುಕೊಂಡನಂತೆ. ಅವನ ಬರಹವೆಲ್ಲ ಪಶ್ಚಾತ್ತಾಪ, ಕಣ್ಣೀರು, ಮಿತಿಯಿಲ್ಲದ ಕರುಣೆ. ದೇವರ ಪ್ರೀತಿಯನ್ನು ಅವನು ಹೋಲಿಸಿದ್ದು ಯಾವುದಕ್ಕೆ? ಮದ್ಯದ ಅಮಲಿಗೆ! ದುಃಖ ಮರೆಯಲೆಂದು ಕುಡಿಯುವವನ ಮನಸ್ಸು ಆ ಸನ್ಯಾಸಿಗೆ ಗೊತ್ತಿತ್ತು. ಐಸಾಕನಿಂದ ಬಿಲ್‌ವರೆಗೆ ನೇರ ಎಳೆಯೇನೂ ಇಲ್ಲ, ನಿಜ. ಆದರೂ ಕುಡುಕನ ದಾಹದ ಅಡಿಯಲ್ಲಿ ಇರುವುದು ದೇವರ ದಾಹವೆಂದು ಯುಂಗ್ 1961ರಲ್ಲಿ ಬಿಲ್‌ಗೆ ಬರೆದ ಪತ್ರದ ತಿರುಳಿಗೂ ಈ ಕತಾರಿನವನ ಮಾತಿಗೂ ಎಷ್ಟು ನೆಂಟಸ್ತನ! ಆ ಕಾಲದ ಕತಾರಿ ಸಿರಿಯಾಕ್ ಲೇಖಕರನ್ನು ಕುರಿತ ಸಂಶೋಧನ ಗ್ರಂಥವೊಂದು 2014ರಲ್ಲಿ ಹೊರಬಂತು, ಅದರ ಸಂಪಾದಕರಲ್ಲಿ ಕತಾರಿನ ವಿದ್ವಾಂಸರೂ ಇದ್ದಾರೆ. 2024ರ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಐಸಾಕನನ್ನು ರೋಮಿನ ಸಂತರ ಪಟ್ಟಿಗೆ ಸೇರಿಸಿದರು.

ಮಂಗಳೂರಿನಲ್ಲೋ ಉಡುಪಿಯಲ್ಲೋ ಕೂತು ದೋಹಾದಲ್ಲಿರುವ ಮಗನ, ಗಂಡನ ಫೋನಿನ ದನಿ ತೊದಲುವುದನ್ನು ಕೇಳುತ್ತಿರುವವರೇ, ನಿಮಗೊಂದು ಮಾತು. ಎಎ ಸೇರಲು ದುಡ್ಡು ಬೇಡ, ಜ್ಞಾನಸ್ನಾನ ಬೇಡ, ಕುಡಿತ ಬಿಡುವ ಆಸೆ ಒಂದಿದ್ದರೆ ಸಾಕು. ಇಂಗ್ಲಿಷ್ ಅರೆಬರೆ ಬಂದರೂ ಹೋಗಲಿ, ಎದುರು ಕೂತವನಿಗೆ ಇವನ ಪಾಡು ಗೊತ್ತಿರುತ್ತದೆ. ದಿನವೂ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು, ಆದ್ದರಿಂದ ಮೊದಲು ವೈದ್ಯರನ್ನು ಕಾಣಲಿ. ದೋಹಾದಲ್ಲಿ ನೌಫರ್ ಎಂಬ ವ್ಯಸನ ಚಿಕಿತ್ಸಾ ಕೇಂದ್ರವೇ ಇದೆ. ಇವತ್ತು ರಾತ್ರಿ ಫೋನು ಬಂದಾಗ ಬೈಯಬೇಡಿ, ಇದನ್ನು ಹೇಳಿ.