ಎಂಜಿನ್ ಕಾಯುತ್ತಿದೆಯೆ? ಮೊದಲು ‘ಯಾವಾಗ’ ಎಂದು ಕೇಳಿ

‘ಗಾಡಿ ಹೀಟ್ ಆಗ್ತಿದೆ’ ಎಂದು ರಸ್ತೆ ಬದಿಯ ಗ್ಯಾರೇಜಿಗೆ ಹೋಗಿ ನಿಂತರೆ ಎಷ್ಟೋ ಕಡೆ ಸಿಗುವ ಉತ್ತರ ಒಂದೇ: ‘ಫ್ಯಾನ್ ಡೈರೆಕ್ಟ್ ಕೊಟ್ಬಿಡೋಣ ಸಾರ್.’ ಸೆನ್ಸರ್, ರಿಲೇಗಳ ಗೊಡವೆಯೇ ಬೇಡವೆಂದು ರೇಡಿಯೇಟರ್ ಫ್ಯಾನಿನ ವೈರನ್ನು ನೇರವಾಗಿ ಇಗ್ನಿಷನ್‌ಗೆ ಜೋಡಿಸಿಬಿಡುವ ಉಪಾಯವಿದು. ಕೀ ತಿರುಗಿಸಿದೊಡನೆ ಫ್ಯಾನ್ ಶುರು, ಎಂಜಿನ್ ಆರಿಸಿದಾಗಲೇ ಬಂದ್. ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಥರ್ಮೋಸ್ಟಾಟ್ ವಾಲ್ವನ್ನೂ ಕಿತ್ತು ಕೈಗಿಡುತ್ತಾರೆ. ‘ನಮ್ಮ ಬಿಸಿಲಿಗೆ ಇದೆಲ್ಲ ಬೇಕಾಗಿಲ್ಲ’ ಎಂಬ ಸಮಜಾಯಿಷಿಯೂ ಜೊತೆಗಿರುತ್ತದೆ. ತಾಪ ತೋರಿಸುವ ಸೂಜಿ ಇಳಿಯುತ್ತದೆ, ಬಿಲ್ಲೂ ಹಗುರ. ದೋಷ ಮಾತ್ರ ಇದ್ದಲ್ಲೇ ಇರುತ್ತದೆ.

ಎಂಜಿನ್ ಕಾಯಲು ಕಾರಣ ಹತ್ತಾರು. ಯಾವ ಭಾಗ ಹೋಗಿದೆ ಎಂದು ಊಹಿಸುತ್ತ ಒಂದೊಂದೇ ಬದಲಿಸುತ್ತ ಹೋದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಲಾಭ. ಅದಕ್ಕಿಂತ ಮೊದಲು ಕೇಳಬೇಕಾದದ್ದು ಗಾಡಿ ಯಾವಾಗ ಕಾಯುತ್ತದೆ ಎಂದು. ಸಿಗ್ನಲ್‌ನಲ್ಲಿ ನಿಂತಾಗಲೋ, ಹೆದ್ದಾರಿಯಲ್ಲಿ ಓಡುವಾಗಲೋ, ಸ್ಟಾರ್ಟ್ ಮಾಡಿದ ಐದಾರು ನಿಮಿಷಕ್ಕೋ? ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಹುಡುಕಾಟ ಅರ್ಧಕ್ಕರ್ಧ ಮುಗಿದಂತೆ.

ಬಿಸಿ ಹೊರಬೀಳುವ ದಾರಿ

ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರ ತಿರುಗಿಸಲು ಬಳಕೆಯಾಗುವುದು ಹೆಚ್ಚೆಂದರೆ ಮೂರನೇ ಒಂದು ಪಾಲು. ಸುಮಾರು ಅಷ್ಟೇ ಸೈಲೆನ್ಸರ್ ಮೂಲಕ ಹೊರಹೋಗುತ್ತದೆ. ಉಳಿದುದರಲ್ಲಿ ಬಹುಪಾಲನ್ನು ಎಂಜಿನ್ ತಣಿಸುವ ದ್ರವವಾದ ಕೂಲಂಟ್ ಹೊತ್ತು ಸಾಗಿಸಬೇಕು. ವಾಟರ್ ಪಂಪ್ ಅದನ್ನು ಎಂಜಿನ್ನಿನೊಳಗೆ ಸುತ್ತಿಸುತ್ತದೆ. ಎಂಜಿನ್ ತಣ್ಣಗಿರುವಷ್ಟು ಹೊತ್ತು ಥರ್ಮೋಸ್ಟಾಟ್ ಬಾಗಿಲು ಮುಚ್ಚಿಕೊಂಡಿರುತ್ತದೆ. ಸಾಮಾನ್ಯವಾಗಿ 82ರಿಂದ 88 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅದರೊಳಗಿನ ಮೇಣ ಕರಗಿ ಹಿಗ್ಗಿ ವಾಲ್ವನ್ನು ತೆರೆಯುತ್ತದೆ, ಬಿಸಿ ಕೂಲಂಟ್ ರೇಡಿಯೇಟರಿಗೆ ಹರಿಯುತ್ತದೆ. ಇನ್ನೂ ಕಾದು 95-100 ಡಿಗ್ರಿಯ ಆಸುಪಾಸಿಗೆ ಬಂದರೆ ಫ್ಯಾನ್ ತಿರುಗಬೇಕು. ಈ ಅಂಕಿಗಳು ಮಾದರಿಯಿಂದ ಮಾದರಿಗೆ ತುಸು ಹೆಚ್ಚುಕಡಿಮೆ ಆಗುತ್ತವೆ, ಕ್ರಮ ಮಾತ್ರ ಇದೇ.

ನೀರು 100 ಡಿಗ್ರಿಗೆ ಕುದಿಯುತ್ತದಲ್ಲ, ಹಾಗಾದರೆ ಇಲ್ಲೇಕೆ ಕುದಿಯುವುದಿಲ್ಲ? ಅದು ರೇಡಿಯೇಟರ್ ಮುಚ್ಚಳದ ಕೆಲಸ. ಕುಕ್ಕರಿನ ಹಾಗೆ ಒಳಗೆ ಸುಮಾರು 1 ಬಾರ್ ಹೆಚ್ಚುವರಿ ಒತ್ತಡ ಹಿಡಿದಿಟ್ಟು ಕುದಿಬಿಂದುವನ್ನು 120 ಡಿಗ್ರಿಗೆ ಏರಿಸುತ್ತದೆ; ಗ್ಲೈಕಾಲ್ ಬೆರೆತ ಕೂಲಂಟ್ ಇದ್ದರೆ ಇನ್ನೂ ಮೇಲಕ್ಕೆ. ಮುಚ್ಚಳದ ರಬ್ಬರ್ ಸೀಲ್ ಒಣಗಿ ಬಿರುಕು ಬಿಟ್ಟರೆ ಉಳಿದೆಲ್ಲವೂ ಸರಿಯಿದ್ದರೂ ಗಾಡಿ ಕುದಿಯುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಭಾಗ ಇದು. ಪರೀಕ್ಷೆಗೆ ಒಳಗಾಗುವುದು ಮಾತ್ರ ಎಲ್ಲಕ್ಕಿಂತ ಕೊನೆಗೆ.

ಅಂಬಾಸಿಡರ್ ಕಾಲದಲ್ಲಿ ಫ್ಯಾನನ್ನು ತಿರುಗಿಸುತ್ತಿದ್ದುದು ಎಂಜಿನ್ನಿಗೆ ಸುತ್ತಿದ ಬೆಲ್ಟು. ಎಂಜಿನ್ ಓಡಿದಷ್ಟು ಹೊತ್ತು ಫ್ಯಾನೂ ತಿರುಗುತ್ತಿತ್ತು. ಜಾಮ್‌ನಲ್ಲಿ ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ, ಗಾಳಿ ಹೆಚ್ಚು ಬೇಕಾದಾಗಲೇ ಕಡಿಮೆ. 1983ರ ಮಾರುತಿ 800ರಂತೆ ಎಂಜಿನ್ ಅಡ್ಡಲಾಗಿ ಕೂತ ಕಾರುಗಳು ಬಂದಾಗ ಬೆಲ್ಟಿನ ತುದಿ ಪಕ್ಕಕ್ಕೆ ಹೋಯಿತು, ಮುಂದಿನ ರೇಡಿಯೇಟರಿಗೆ ಕರೆಂಟ್ ಫ್ಯಾನ್ ಬಂತು. ಬೇಕಾದಾಗಷ್ಟೇ ತಿರುಗುವ ಅನುಕೂಲವೇನೋ ಸಿಕ್ಕಿತು. ಅದರ ಜೊತೆ ಮೋಟರ್, ಫ್ಯೂಸ್, ರಿಲೇ, ಸೆನ್ಸರ್, ಕನೆಕ್ಟರ್ ಎಂದು ಕೈಕೊಡುವ ಜಾಗಗಳೂ ಹೆಚ್ಚಿದವು.

ಹೊತ್ತು ನೋಡಿ ಗುರುತಿಸುವುದು

ಸಿಗ್ನಲ್‌ನಲ್ಲಿ ಸೂಜಿ ಏರಿ, ಗಾಡಿ ಓಡತೊಡಗಿದೊಡನೆ ಇಳಿದರೆ ಕೊರತೆ ಇರುವುದು ಗಾಳಿಯದು. ಓಡುವ ಕಾರಿಗೆ ಎದುರುಗಾಳಿಯೇ ಸಾಕು, ನಿಂತ ಕಾರಿಗೆ ಫ್ಯಾನ್ ಬಿಟ್ಟರೆ ಗತಿಯಿಲ್ಲ. ಆದ್ದರಿಂದ ಮೊದಲು ಫ್ಯಾನ್ ನೋಡಿ.

ನಿಂತಾಗ ಚೆನ್ನಾಗಿದ್ದು ಹೆದ್ದಾರಿಯಲ್ಲಿ ವೇಗ ಹೆಚ್ಚಿಸಿದಾಗ ಕಾದರೆ ಗಾಳಿಗೆ ಕೊರತೆಯಿಲ್ಲ, ಕೂಲಂಟಿನ ಹರಿವು ಸಾಲದು. ರೇಡಿಯೇಟರ್ ಕೊಳವೆಗಳು ಕಟ್ಟಿರಬಹುದು, ಪಂಪಿನ ರೆಕ್ಕೆ ಸವೆದಿರಬಹುದು, ಥರ್ಮೋಸ್ಟಾಟ್ ಅರ್ಧ ಮಾತ್ರ ತೆರೆಯುತ್ತಿರಬಹುದು. ಈ ಗಾಡಿಗೆ ಫ್ಯಾನ್ ಡೈರೆಕ್ಟ್ ಮಾಡಿಸಿದರೆ ಪ್ರಯೋಜನ ಸೊನ್ನೆ.

ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಕೆಂಪು ತಲುಪಿದರೆ ಕೂಲಂಟ್ ಖಾಲಿಯಾಗಿದೆ, ಇಲ್ಲವೇ ಥರ್ಮೋಸ್ಟಾಟ್ ಮುಚ್ಚಿದಂತೆಯೇ ಕಚ್ಚಿಕೊಂಡಿದೆ. ಎಂಜಿನ್ ಕಾದ ಮೇಲೂ ರೇಡಿಯೇಟರಿನ ಒಂದು ಹೋಸ್ ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ಎರಡನೆಯ ಅನುಮಾನ ಬಲವಾಗುತ್ತದೆ. ಬಿಚ್ಚಿದ ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ಮುಳುಗಿಸಿ ಕಾಯಿಸಿದರೆ ತೆರೆಯುತ್ತದೋ ಇಲ್ಲವೋ ಕಣ್ಣೆದುರೇ ಗೊತ್ತಾಗುತ್ತದೆ.

ಎಷ್ಟು ಓಡಿಸಿದರೂ ಸೂಜಿ ಮೇಲೇಳದೆ ಇರುವುದೂ ದೋಷವೇ. ಥರ್ಮೋಸ್ಟಾಟ್ ತೆರೆದಂತೆಯೇ ಕೂತಿದೆ, ಅಥವಾ ಯಾರೋ ಅದನ್ನು ಕಿತ್ತುಹಾಕಿದ್ದಾರೆ. ಎಂಜಿನ್ ಇನ್ನೂ ತಣ್ಣಗಿದೆ ಎಂದು ನಂಬಿದ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಬೀಳುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ.

ಇವೆಲ್ಲಕ್ಕೂ ಒಟ್ಟಿಗೆ ಪರೀಕ್ಷೆ ಇಡುವುದು ಘಾಟಿ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ತುಂಬಿದ ಗಾಡಿ ಎರಡನೇ ಗೇರಿನಲ್ಲಿ ಏರುವಾಗ ಎಂಜಿನ್ ಮೇಲೆ ಪೂರ್ತಿ ಭಾರ, ಎದುರುಗಾಳಿ ತೀರಾ ಕಡಿಮೆ. ಊರಿನೊಳಗೆ ಮರೆಯಾಗಿದ್ದ ಸಣ್ಣ ದೋಷ ಅಲ್ಲಿ ಹೊರಬೀಳುತ್ತದೆ. ಬಿಸಿಲಿನ ಲೆಕ್ಕವೂ ಹೀಗೆಯೇ. ರೇಡಿಯೇಟರ್ ಎಷ್ಟು ಬಿಸಿ ಬಿಡಬಲ್ಲದು ಎಂಬುದು ಕೂಲಂಟ್ ಮತ್ತು ಹೊರಗಾಳಿಯ ನಡುವಿನ ಅಂತರದ ಮೇಲೆ ನಿಂತಿದೆ. ಕೂಲಂಟ್ 95 ಡಿಗ್ರಿ ಇದ್ದಾಗ 22 ಡಿಗ್ರಿಯ ಬೆಂಗಳೂರಿನ ಬೆಳಗಿನಲ್ಲಿ ಆ ಅಂತರ 73. ಕಲಬುರಗಿಯ 42 ಡಿಗ್ರಿಯ ಮಧ್ಯಾಹ್ನದಲ್ಲಿ ಬರೀ 53. ಅದೇ ಕಾರು, ಅದೇ ರೇಡಿಯೇಟರ್, ಸಾಮರ್ಥ್ಯದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕಡಿತ. ಅಲ್ಪಸ್ವಲ್ಪ ಕಟ್ಟಿದ ರೇಡಿಯೇಟರ್ ಚಳಿಗಾಲ ದಾಟಿ ಬೇಸಿಗೆಯಲ್ಲಿ ಸೋಲುವುದು ಇದಕ್ಕೇ.

ಫ್ಯಾನಿನ ವಿಚಾರಣೆ

ಮೊದಲ ಪರೀಕ್ಷೆಗೆ ಸ್ಪ್ಯಾನರ್ ಕೂಡ ಬೇಡ. ಎಂಜಿನ್ ಸ್ಟಾರ್ಟ್ ಮಾಡಿ ಎ.ಸಿ. ಹಾಕಿ. ಹೆಚ್ಚಿನ ಕಾರುಗಳಲ್ಲಿ ಕಂಪ್ರೆಸರ್ ಹಿಡಿದ ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗಬೇಕು. ಎ.ಸಿ.ಗೆ ತಿರುಗುವ ಅದೇ ಫ್ಯಾನ್ ಎಂಜಿನ್ ಕಾದಾಗ ತಿರುಗದಿದ್ದರೆ ಮೋಟರ್ ನಿರ್ದೋಷಿ. ಅನುಮಾನ ತಾಪದ ಸೆನ್ಸರಿನ ಕಡೆ ತಿರುಗಬೇಕು.

ಎರಡನೆಯದು ಸೆನ್ಸರಿನ ಪ್ಲಗ್ ಕಳಚಿ ನೋಡುವುದು. ತಾಪ ತಿಳಿಯದಾದಾಗ ಬಹುತೇಕ ಇಸಿಯುಗಳು ಸುರಕ್ಷತೆಗಾಗಿ ಫ್ಯಾನನ್ನು ತಾವೇ ಓಡಿಸುತ್ತವೆ. ಪ್ಲಗ್ ತೆಗೆದಾಗ ತಿರುಗಿದರೆ ಫ್ಯೂಸ್, ರಿಲೇ, ಮೋಟರ್, ವೈರಿಂಗ್ ಎಲ್ಲವೂ ಸರಿ, ತಪ್ಪಿತಸ್ಥ ಸೆನ್ಸರೇ ಇರಬೇಕು. ಚೆಕ್ ಎಂಜಿನ್ ದೀಪ ಹತ್ತಿದರೆ ಗಾಬರಿ ಬೇಡ, ನಂತರ ಅಳಿಸಬಹುದು.

ಎರಡಕ್ಕೂ ಜಗ್ಗದಿದ್ದರೆ ಫ್ಯೂಸ್ ನೋಡಿ. ಫ್ಯೂಸ್ ಬಾಕ್ಸಿನಲ್ಲಿ ಅದೇ ನಂಬರಿನ ಬೇರೆ ರಿಲೇ ಇದ್ದರೆ ಅದಲುಬದಲು ಮಾಡಿ. ಮೋಟರಿನ ಕನೆಕ್ಟರಿಗೆ ಟೆಸ್ಟ್ ಲ್ಯಾಂಪ್ ಹಿಡಿದಾಗ ದೀಪ ಹತ್ತಿಯೂ ಫ್ಯಾನ್ ಸುಮ್ಮನಿದ್ದರೆ ಮೋಟರಿನದೇ ತಪ್ಪು. ಸ್ಕ್ರೂಡ್ರೈವರ್ ಹಿಡಿಯಿಂದ ಮೋಟರನ್ನು ಮೆಲ್ಲಗೆ ತಟ್ಟಿದಾಗ ಎದ್ದು ತಿರುಗಿತೆಂದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ; ಇವತ್ತು ಮನೆ ಮುಟ್ಟಿಸಬಹುದು, ನಾಳೆಯ ಭರವಸೆ ಬೇಡ. ಎರಡು ವೇಗದ ಫ್ಯಾನಿನಲ್ಲಿ ಮತ್ತೊಂದು ತಮಾಷೆ ಇದೆ. ನಿಧಾನದ ವೇಗಕ್ಕೆಂದು ಇರುವ ರೆಸಿಸ್ಟರ್ ಸುಟ್ಟುಹೋದರೆ ಫ್ಯಾನ್ ಮೊದಲು ಸುಮ್ಮನಿದ್ದು, ತಾಪ ವಿಪರೀತ ಏರಿದ ಮೇಲೆ ಒಮ್ಮೆಲೇ ಅಬ್ಬರಿಸುತ್ತದೆ. ‘ಫ್ಯಾನ್ ಚೆನ್ನಾಗೇ ಇದೆ’ ಎಂದು ಎಲ್ಲರೂ ಮೋಸಹೋಗುವುದು ಇಲ್ಲೇ.

ರಿಪೇರಿಯಾದ ಮೇಲೆ ಗ್ರಿಲ್ ಮುಂದೆ ಒಂದು ಹಾಳೆ ಹಿಡಿದು ನೋಡಿ. ಫ್ಯಾನ್ ಅದನ್ನು ಒಳಕ್ಕೆ ಎಳೆದುಕೊಳ್ಳಬೇಕು. ಹೊರಕ್ಕೆ ತಳ್ಳಿದರೆ ವೈರ್ ತಿರುಗುಮುರುಗಾಗಿದೆ. ಎ.ಸಿ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಕೂತ ಕೆಸರು, ಹುಳು, ಹೊಟ್ಟು ಕೂಡ ಗಾಳಿಗೆ ಅಡ್ಡ. ಅದನ್ನು ಎಂಜಿನ್ ಕಡೆಯಿಂದ ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಬೇಕು, ಜೋರಾದ ಪ್ರೆಶರ್ ವಾಶ್ ಹಿಡಿದರೆ ತೆಳು ಅಲ್ಯೂಮಿನಿಯಂ ಪದರಗಳು ಮಡಚಿಕೊಳ್ಳುತ್ತವೆ. ಎಂಜಿನ್ ಆರಿಸಿದ್ದರೂ ಫ್ಯಾನ್ ಹಠಾತ್ತನೆ ತಿರುಗಬಹುದು, ಕೈ ದೂರವಿರಲಿ.

ಇಷ್ಟು ಜಾಲಾಡಿಸುವುದಕ್ಕಿಂತ ಡೈರೆಕ್ಟ್ ಸುಲಭವಲ್ಲವೆ? ಫ್ಯಾನಿಗೆ ಬೇಕಾಗುವ ಕರೆಂಟ್ ಸಾಮಾನ್ಯದ್ದಲ್ಲ, ಅದಕ್ಕೆಂದೇ 30-40 ಆಂಪಿಯರ್ ಫ್ಯೂಸ್ ಇಟ್ಟಿರುತ್ತಾರೆ. ಅಷ್ಟನ್ನು ಇಗ್ನಿಷನ್‌ನ ಸಣ್ಣ ವೈರಿನಲ್ಲಿ, ರಿಲೇ ಇಲ್ಲದೆ ಎಳೆದರೆ ಸ್ವಿಚ್ ಸುಡುತ್ತದೆ, ವೈರಿನ ಹೊದಿಕೆ ಕರಗುತ್ತದೆ. ದಾರಿಯ ನಡುವೆ ಸಿಕ್ಕಿಕೊಂಡಾಗ ಫ್ಯೂಸ್ ಇಟ್ಟು ಡೈರೆಕ್ಟ್ ಮಾಡಿ ಊರು ಸೇರುವುದು ಜಾಣತನ. ಅದನ್ನೇ ವರ್ಷಗಟ್ಟಲೆ ಉಳಿಸಿಕೊಳ್ಳುವುದಲ್ಲ.

ಸೂಜಿಯನ್ನು ಎಷ್ಟು ನಂಬಬಹುದು?

ಬಹಳಷ್ಟು ಕಾರುಗಳಲ್ಲಿ ತಾಪ ಏರಿಳಿದರೂ ಸೂಜಿ ನಡುವಿನಲ್ಲೇ ನಿಲ್ಲುವಂತೆ ಹೊಂದಿಸಿರುತ್ತಾರೆ. ಅದು ಕದಲಿದಾಗ ತಾಪ ಆಗಲೇ ಮಿತಿ ದಾಟುತ್ತಿರುತ್ತದೆ. ಎಷ್ಟೋ ಸಣ್ಣ ಕಾರುಗಳಲ್ಲಿ ಸೂಜಿಯೇ ಇಲ್ಲ, ತಣ್ಣಗಿದ್ದರೆ ನೀಲಿ ದೀಪ, ಕೆಟ್ಟರೆ ಕೆಂಪು. ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಓದುವ ಒಬಿಡಿ ರೀಡರ್ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದರೆ ನಿಜವಾದ ಡಿಗ್ರಿ ಸಿಗುತ್ತದೆ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು: ಕೂಲಂಟ್ ಪೂರ್ತಿ ಸೋರಿಹೋದರೆ ಸೆನ್ಸರ್ ಬರಿಯ ಆವಿಯಲ್ಲಿ ಉಳಿದು ಕಡಿಮೆ ತಾಪ ತೋರಿಸಬಹುದು. ಏರಿದ್ದ ಸೂಜಿ ಕಾರಣವಿಲ್ಲದೆ ಇಳಿದರೆ ಖುಷಿಪಡದೆ ಗಾಡಿ ನಿಲ್ಲಿಸಿ.

ಕೂಲಂಟ್ ಬದಲು ಬೋರ್‌ವೆಲ್ ನೀರು ತುಂಬುವ ಅಭ್ಯಾಸ ಇಂಥ ದೋಷಗಳಲ್ಲಿ ಎಷ್ಟಕ್ಕೋ ಮೂಲ. ಗಡಸು ನೀರಿನ ಸುಣ್ಣ ಕೂದಲೆಳೆಯಂಥ ದಾರಿಗಳಲ್ಲಿ ಗಟ್ಟಿಯಾಗಿ ಕೂರುತ್ತದೆ, ತುಕ್ಕು ಪಂಪನ್ನು ತಿನ್ನುತ್ತದೆ. ತಯಾರಕರು ಹೇಳಿದ ಬಗೆಯ ಕೂಲಂಟನ್ನು ಖನಿಜ ತೆಗೆದ ನೀರಿನೊಡನೆ, ಸಾಮಾನ್ಯವಾಗಿ ಅರ್ಧಕ್ಕರ್ಧ, ಬೆರೆಸಿ ತುಂಬಿ. ಹಸಿರು, ಕೆಂಪು, ನೀಲಿ ಬಣ್ಣ ನೋಡಿ ಬಗೆ ತೀರ್ಮಾನಿಸಬೇಡಿ, ಬಣ್ಣಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ನೆಲದ ಮೇಲೆ ಚೆಲ್ಲಿದ್ದನ್ನು ನಾಯಿ ನೆಕ್ಕದಂತೆ, ಮಕ್ಕಳು ಮುಟ್ಟದಂತೆ ತೊಳೆದುಬಿಡಿ.

ದಾರಿಯಲ್ಲಿ ಸೂಜಿ ಏರಿದರೆ

• ಎ.ಸಿ. ಬಂದ್ ಮಾಡಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ, ಕಿಟಕಿ ಇಳಿಸಿ. ಡ್ಯಾಶ್‌ಬೋರ್ಡಿನೊಳಗೆ ಇರುವ ಹೀಟರ್ ಕೋರ್ ಒಂದು ಸಣ್ಣ ರೇಡಿಯೇಟರೇ. ಎಂಜಿನ್ನಿನ ಬಿಸಿಯಲ್ಲಿ ಒಂದಷ್ಟನ್ನು ನಿಮ್ಮ ಕಾಲಿನ ಮೇಲೆ ಬಿಡುತ್ತದೆ.

• ಆದರೂ ಸೂಜಿ ಕೆಂಪಿಗೆ ಹೋದರೆ, ಹಬೆ ಎದ್ದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ.

• ಮುಚ್ಚಳ ಮುಟ್ಟಬೇಡಿ. ಒತ್ತಡ ಇಳಿದ ಕ್ಷಣ ಒಳಗಿನ ದ್ರವ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮೇಲಿನ ಹೋಸ್ ಆರಾಮಾಗಿ ಅದುಮುವಷ್ಟು ತಣ್ಣಗಾಗುವವರೆಗೆ ಕಾಯಿರಿ.

• ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಖಾಲಿ ರೇಡಿಯೇಟರಿಗೂ ಹಾಕಬೇಡಿ. ಅಲ್ಯೂಮಿನಿಯಂ ಹೆಡ್ ಬಾಗುತ್ತದೆ, ಬ್ಲಾಕ್ ಸೀಳಬಹುದು.

• ತಣ್ಣಗಾದ ಮೇಲೆ ನೀರು ತುಂಬಿ ಹೊರಟಿರಿ ಎನ್ನಿ. ಮತ್ತೆ ಏರಿದರೆ, ಸೈಲೆನ್ಸರಿನಲ್ಲಿ ಬಿಡದೆ ಬಿಳಿ ಹೊಗೆ ಬಂದರೆ, ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ ಏಳುತ್ತಿದ್ದರೆ, ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಮತ್ತು ಬ್ಲಾಕ್ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಆಮೇಲೆ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ. ಟೋಯಿಂಗ್ ಗಾಡಿಯವನು ಕೇಳುವ ದುಡ್ಡು ಎಷ್ಟೇ ಇರಲಿ, ಹೆಡ್ ಬಿಚ್ಚಿ ಲೇತ್‌ಗೆ ಕಳಿಸಿ ಮತ್ತೆ ಕೂರಿಸುವ ಬಿಲ್ಲಿನ ಮುಂದೆ ಅದು ಚಿಲ್ಲರೆ.